ತಲೆಯ ಮೇಲೆ ಹರಿದ ನೀರು

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ತಪಸ್ಸುಕಾಲದ ಮೊದಲ ಶುಕ್ರವಾರ ಮನೆಯಲ್ಲಿ ಮಾಂಸವೂ ಇಲ್ಲ, ಮೀನೂ ಇಲ್ಲ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಜುಸ್ತೀನಾ ನಾಲ್ಕು ತಟ್ಟೆಗೆ ಬಡಿಸಿ ಇನ್ನೂ ಕೂತಿರಲಿಲ್ಲ, ಮಗ ಸಿರಿಲ ಮಾತು ತೆಗೆದ.

“ಪಪ್ಪಾ, ಮಗುವಿಗೆ ಜ್ಞಾನತಾಯಿ ಪಾವ್ಲಿನಾ ಮಾವ್ಶಿ. ನಾನು, ಐರಿನ್ ಮಾತಾಡಿ ಆಯ್ತು.”

ರುಜಾರ ಗಂಜಿ ಊದುವುದನ್ನು ನಿಲ್ಲಿಸಿದ. “ಮಾತಾಡಿ ಆಯ್ತಾ? ಹಾಗಾದ್ರೆ ನನಗೆ ಹೇಳೂದು ಎಂತಕ್ಕೆ? ಪೇಪರಿನಲ್ಲಿ ಹಾಕ್ಸು.”

“ಈಗ ಕೇಳ್ತಾ ಇದ್ದೇನಲ್ಲ.”

“ಕೇಳೂ ಧಾಟಿಯಾ ಇದು?”

“ಮೊದ್ಲು ಉಣ್ಣಿ, ಆರ್ತದೆ,” ಎಂದಳು ಜುಸ್ತೀನಾ. ಇಬ್ಬರೂ ಉಣ್ಣಲಿಲ್ಲ.

ಮೊದಲ ಮಗುವಿನ ಜ್ಞಾನಸ್ನಾನಕ್ಕೆ ತಂದೆಯ ಅಪ್ಪ ಜ್ಞಾನತಂದೆ, ತಾಯಿಯ ಅಮ್ಮ ಜ್ಞಾನತಾಯಿ ಎಂಬುದು ಇವರಲ್ಲಿ ನಡೆದುಬಂದ ಕ್ರಮ. ಸೊಸೆ ಐರಿನ್ನಳ ತಾಯಿ ತೀರಿಹೋಗಿ ಆರು ವರ್ಷ. ಆ ಜಾಗಕ್ಕೆ ಸಿರಿಲ ಕರೆಯಬೇಕೆಂದಿದ್ದು ತನ್ನ ತಾಯಿಯ ತಂಗಿ ಪಾವ್ಲಿನಾಳನ್ನು. ಅವನು ಒಂದು ವರ್ಷದವನಿದ್ದಾಗ ಜುಸ್ತೀನಾ ಕ್ಷಯ ಹಿಡಿದು ಎರಡು ವರ್ಷ ಆಸ್ಪತ್ರೆಯಲ್ಲಿದ್ದಳು. ಆಗ ಅವನನ್ನೂ ಅವನ ಅಕ್ಕ ಫ್ಲಾವಿಯಾಳನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಪಾವ್ಲಿನಾ. ಮುಂದೆ ಅವಳಿಗೂ ಮದುವೆಯಾಯಿತು. ಗಂಡ ವಾಸ್ಕೋಕ್ಕೆ ಕೆಲಸಕ್ಕೆಂದು ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಮಾಡಿದ. ಹದಿಮೂರು ವರ್ಷ ಅಕ್ಕನ ಮನೆಯಲ್ಲಿದ್ದು, ಒಂಬತ್ತು ವರ್ಷದ ಹಿಂದೆ ಪಾವ್ಲಿನಾ ಮಾಗೋಡು ರಸ್ತೆಯಲ್ಲಿ ಲಾರಿ ಡ್ರೈವರ್ ಚನ್ನಯ್ಯನ ಮನೆಗೆ ಹೋದಳು. ಅವನು ಹೆಂಡತಿ ಸತ್ತವನು, ಹಾವೇರಿ ಕಡೆಯ ಹಿಂದೂ. ಇಗರ್ಜಿಯಲ್ಲಾದ ಮೊದಲ ಮದುವೆ ರದ್ದಾಗದೆ ಇನ್ನೊಬ್ಬನ ಜೊತೆ ಇರುವವರಿಗೆ ಪರಮಪ್ರಸಾದವೂ ಇಲ್ಲ, ಜ್ಞಾನತಾಯಿಯಾಗುವ ಅವಕಾಶವೂ ಇಲ್ಲ. ಅಂದಿನಿಂದ ಅವಳು ಇಗರ್ಜಿಯಲ್ಲಿ ಕೊನೆಯ ಬೆಂಚು. ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಸಾಲು ಹಿಡಿದರೆ ಅವಳು ಕೂತೇ ಇರುತ್ತಾಳೆ.

ರುಜಾರನಾದರೋ ಮೂವತ್ತೈದು ವರ್ಷ ಯಲ್ಲಾಪುರದ ಇಗರ್ಜಿಯಲ್ಲಿ ಗಂಟೆ ಹೊಡೆದು, ಮೇಣದಬತ್ತಿ ಹಚ್ಚಿ, ಮಕ್ಕಳಿಗೆ ಧರ್ಮೋಪದೇಶ ಕಲಿಸಿದವನು. ಅಕ್ಷರ ದುಂಡಗೆಂದು ಜ್ಞಾನಸ್ನಾನದ ದಫ್ತರವನ್ನು ಈಗಲೂ ಅವನ ಕೈಯಿಂದಲೇ ಬರೆಸುತ್ತಾರೆ.

“ಅವಳ ಪಕ್ಕ ನಾನು ಮೇಣದಬತ್ತಿ ಹಿಡಿದು ನಿಲ್ಲೂದಾ?” ಎಂದು ಅವನು ಕೇಳಿದ.

“ಅವಳ ಕೈಯ ಚಾ ಕುಡಿಯೂಕೆ ಆಗ್ತದೆ ನಿಮಗೆ,” ಎಂದ ಸಿರಿಲ.

“ಚಾ ಸಂಸ್ಕಾರ ಅಲ್ಲ.”

ಐರಿನ್ ತೊಟ್ಟಿಲಿನ ಹತ್ತಿರದಿಂದ ಎದ್ದು ಬಂದಳು. “ಮಾವ, ನಿಮ್ಮ ಮೊಮ್ಮಗಳನ್ನ ಆಸ್ಪತ್ರೆಯಲ್ಲಿ ನೋಡಿಕೊಂಡವರು ಯಾರು? ನೀವು ಜಪಮಾಲೆ ಹಿಡಿದು ಇಲ್ಲಿ ಕೂತಿದ್ರಿ.”

“ಜಪ ಮಾಡಿದ್ದೂ ತಪ್ಪಾ ಈಗ?” ರುಜಾರ ತಟ್ಟೆ ಸರಿಸಿ ಎದ್ದ. ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಜುಸ್ತೀನಾ ಅದನ್ನು ಮತ್ತೆ ಪಾತ್ರೆಗೆ ಸುರಿದಳು, ಸಂಜೆಗಾದೀತು.

ಮಗು ಹುಟ್ಟಿದ್ದು ಜನವರಿಯ ಕೊನೆಗೆ, ಶಿರಸಿಯ ಒಂದು ಆಸ್ಪತ್ರೆಯಲ್ಲಿ, ಎಂಟು ತಿಂಗಳಿಗೇ. ಜುಸ್ತೀನಾಗೆ ಮಂಡಿನೋವು, ಆಸ್ಪತ್ರೆಯ ಮೆಟ್ಟಿಲು ಹತ್ತಲಾರಳು. ಪಾವ್ಲಿನಾ ಬುತ್ತಿ ಕಟ್ಟಿಕೊಂಡು ಹೋಗಿ ನಿಂತಳು. ನಾಲ್ಕನೇ ದಿನ ಮಗು ನೀಲಿಯಾಯಿತು. ಹುಬ್ಬಳ್ಳಿಗೆ ಸಾಗಿಸಿ ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದರು. ಈಗ ಎರಡೂ ಕಾಲು ಕೇಜಿ. ತಪಸ್ಸುಕಾಲದಲ್ಲಿ ಜ್ಞಾನಸ್ನಾನ ಮಾಡುವುದಿಲ್ಲವಾದ್ದರಿಂದ ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಮರು ಭಾನುವಾರ ಎಂದು ನಿಶ್ಚಯವಾಗಿತ್ತು. ಜೊವಿಟಾ ಎಂದು ಹೆಸರನ್ನೂ ನೋಡಿಟ್ಟಿದ್ದರು.

ಬಾಣಂತನ ಇಲ್ಲಿಯೇ. ದಿನಾ ಬೆಳಿಗ್ಗೆ ಏಳರ ಬಸ್ಸಿಗೆ ಪಾವ್ಲಿನಾ ಬರುತ್ತಾಳೆ. ಹಂಡೆಗೆ ಒಲೆ ಹಚ್ಚಿ, ಮಗುವಿಗೆ ಎಣ್ಣೆ ಹಚ್ಚಿ ಕಾಲಿನ ಮೇಲೆ ಮಲಗಿಸಿ ಮೀಯಿಸುತ್ತಾಳೆ. ಮರುದಿನ ಬಂದಾಗ ಐರಿನ್ ಅವಳಿಗೆ ಹೇಳಿಯೇಬಿಟ್ಟಳು.

“ಮಾವ್ಶಿ, ಜ್ಞಾನತಾಯಿ ನೀವೇ. ಮಾವ ಎಷ್ಟೇ ಕೂಗ್ಲಿ.”

ಪಾವ್ಲಿನಾಳ ಕೈ ಮಗುವಿನ ಬೆನ್ನ ಮೇಲೆ ನಿಂತಿತು. “ಬೇಡ ಮಗಾ. ನನ್ನ ಸುದ್ದಿ ಬಿಡು.”

“ನಿಮಗೆ ಮನಸ್ಸಿಲ್ವಾ?”

“ಮನಸ್ಸಿನ ಪ್ರಶ್ನೆ ಅಲ್ಲ. ಜ್ಞಾನಸ್ನಾನ... ಅದು ಮಾಡ್ಲೇಬೇಕಾ? ಅಂದ್ರೆ, ಹಬ್ಬ ಆದ ಕೂಡ್ಲೇ?”

“ಮತ್ತೆ? ಕಾಲೇಜಿಗೆ ಹೋದ ಮೇಲೆ ಮಾಡಿಸೂದಾ?”

ಪಾವ್ಲಿನಾ ನಗಲಿಲ್ಲ. ಬೆಚ್ಚಗಿನ ನೀರನ್ನು ಮಗುವಿನ ಭುಜಕ್ಕೆ ಹೊಯ್ದಳು, ಕಾಲಿಗೆ ಹೊಯ್ದಳು. ತಲೆಗೆ ಹೊಯ್ಯುವಾಗ ಮಾತ್ರ ತಂಬಿಗೆ ಹಿಡಿದು ಸ್ವಲ್ಪ ಹೊತ್ತು ಕೂತಳು. ನೋವು ಮಾಡಿಕೊಂಡಿದ್ದಾಳೆ ಎಂದುಕೊಂಡಳು ಐರಿನ್. ಅದನ್ನೇ ಗಂಡನಿಗೂ ಹೇಳಿದಳು. ಸಿರಿಲನ ಹಟ ಇನ್ನಷ್ಟು ಗಟ್ಟಿಯಾಯಿತು.

ಮಾರ್ಚ್ ಎರಡನೇ ವಾರ ವಾರ್ಡಿನ ಪ್ರಾರ್ಥನೆ ಇವರ ಮನೆಗೆ ಬಂತು. ತಿಂಗಳಿಗೊಂದು ಬುಧವಾರ ಸಂಜೆ ಹತ್ತು ಹನ್ನೆರಡು ಮನೆಯವರು ಒಂದೆಡೆ ಸೇರಿ ಜಪಮಾಲೆ ಹೇಳಿ, ಶುಭಸಂದೇಶ ಓದಿ, ಅದರ ಬಗ್ಗೆ ಮಾತಾಡುವುದು. ಮೇಲೆ ಚಾ, ಅವಲಕ್ಕಿ. ಆ ಸಲ ಫಾದರ್ ಕೂಡ ಬಂದಿದ್ದರು. ಪ್ರಾಯದವರು, ಯಲ್ಲಾಪುರಕ್ಕೆ ಬಂದು ಎಂಟು ತಿಂಗಳು. ಪಾವ್ಲಿನಾ ಅಡುಗೆಮನೆಯಲ್ಲಿ ಅವಲಕ್ಕಿಗೆ ಕಾಯಿ ತುರಿಯುತ್ತಿದ್ದಳು.

ಅಂದಿನ ಓದು ಬಾವಿಯ ಹತ್ತಿರ ಯೇಸುವಿಗೆ ಸಿಕ್ಕಿದ ಸಮಾರ್ಯದ ಹೆಂಗಸಿನದು. ಐವರು ಗಂಡಂದಿರಾಗಿ ಆರನೆಯವನ ಜೊತೆ ಇದ್ದವಳು. ಓದಿ ಮುಗಿದ ಮೇಲೆ ಮೂಲೆಯಲ್ಲಿದ್ದ ಮುದುಕರೊಬ್ಬರು ಕೇಳಿದರು.

“ಫಾದರ್, ಯೇಸು ನೀರು ಕೇಳಿದ ಅಂತ ಉಂಟು. ಅವಳು ಕೊಟ್ಟಳು ಅಂತ ಎಲ್ಲಿಯೂ ಇಲ್ಲ. ಪಾಪ, ಬಾಯಾರಿಯೇ ಅಷ್ಟೆಲ್ಲ ಮಾತಾಡಿದನಾ?”

ಎಲ್ಲರೂ ನಕ್ಕರು. ಫಾದರೂ ನಕ್ಕು, “ನಾನೂ ಯೋಚನೆ ಮಾಡಿರಲಿಲ್ಲ ಅಜ್ಜ,” ಎಂದರು.

ಆ ನಗುವಿನ ಸಂದಿಯಲ್ಲಿ ಐರಿನ್ ಕೇಳಿದಳು. “ಅಂಥವಳ ಕೈಯ ನೀರನ್ನ ಯೇಸುವೇ ಕೇಳಿದ ಮೇಲೆ, ನಮ್ಮ ಮಾವ್ಶಿ ಜ್ಞಾನತಾಯಿ ಆದ್ರೆ ಎಂತ ಆಗ್ತದೆ ಫಾದರ್?”

ನಗು ನಿಂತಿತು. ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದೂ ನಿಂತಿತು. ಒಬ್ಬಾಕೆ, “ಹಾಗೆ ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ,” ಎಂದಳು. ಇನ್ನೊಬ್ಬಳು, “ಅವಳು ಮಾಡಿದ್ದು ನಮ್ಮಲ್ಲಿ ಎಷ್ಟು ಜನ ಮಾಡಿದಾರೆ ಹೇಳು ನೋಡುವಾ? ನನ್ನ ಅತ್ತೆ ಹಾಸಿಗೆ ಹಿಡಿದಾಗ ಬಂದು ತೊಳೆದವಳು ಅವಳೇ,” ಎಂದಳು.

ರುಜಾರ ಕುರ್ಚಿಯ ಕೈ ಹಿಡಿದು ಎದ್ದು ನಿಂತ.

“ತೊಳೆದಿದ್ದು ನನಗೂ ಗೊತ್ತುಂಟು. ಅವಳು ಕೆಟ್ಟವಳು ಅಂತ ನಾನು ಹೇಳಿದ್ನಾ? ನನಗೊಬ್ಬಳು ಮಗಳಿದ್ದಾಳೆ, ಸಿದ್ದಾಪುರದಲ್ಲಿ. ಇಗರ್ಜಿ ಬಿಟ್ಟು ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಸತೀಶನ್ನ ಮದುವೆಯಾದಳು. ಈ ಬಾಗಿಲಲ್ಲಿ ನಿಂತು ಅತ್ತಳು. ಆಗೂದಿಲ್ಲ ಅಂದೆ. ಹನ್ನೊಂದು ವರ್ಷ ಆಯ್ತು. ಈಗ ಪಾವ್ಲಿನಾಗೆ ಆಗ್ತದೆ ಅಂದ್ರೆ, ನನ್ನ ಮಗಳಿಗೆ ನಾನು ಎಂತ ಹೇಳ್ಲಿ? ನಿನಗೆ ಸುಮ್ಮನೆ ಹೇಳಿದ್ದೆ ಅಂತ ಹೇಳೂದಾ?”

ಜುಸ್ತೀನಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಡನ ಬಾಯಿಂದ ‘ನನ್ನ ಮಗಳು’ ಎಂಬ ಮಾತು ಕೇಳಿ ಅವಳಿಗೂ ಹನ್ನೊಂದು ವರ್ಷವಾಗಿತ್ತು. ಈಗಲೂ ಫ್ಲಾವಿಯಾ ಎಂಬ ಹೆಸರನ್ನು ಅವನು ಹೇಳಿರಲಿಲ್ಲ.

ಫಾದರ್ ನಿಧಾನವಾಗಿ ಮಾತಾಡಿದರು. “ನಾನು ಸುಳ್ಳು ಹೇಳೋದಿಲ್ಲ ಐರಿನ್. ಜ್ಞಾನತಾಯಿ ಅಂತ ಅವರ ಹೆಸರು ಬರೆಯೋಕೆ ನನಗೆ ಅಧಿಕಾರ ಇಲ್ಲ. ಆದ್ರೆ ಒಂದು ಮಾತು, ಇಬ್ಬರೂ ಇರಲೇಬೇಕು ಅಂತ ನಿಯಮ ಇಲ್ಲ. ಒಬ್ಬರು ಸಾಕು.”

“ಹಾಗಾದ್ರೆ ಜ್ಞಾನತಾಯಿಯ ಜಾಗ ಖಾಲಿ ಇರ್ಲಿ,” ಎಂದಳು ಐರಿನ್. “ಬೇರೆ ಯಾರೂ ಬೇಡ ನನಗೆ.”

ಅವಲಕ್ಕಿ ಒಳಗಿನಿಂದ ಬಂತು. ತಂದು ಹಂಚಿದ್ದು ಜುಸ್ತೀನಾ. ಪಾವ್ಲಿನಾ ಹಿಂಬಾಗಿಲಿನಿಂದ ಬಸ್ಸಿಗೆ ಹೋಗಿದ್ದಳು.

ಆಮೇಲಿನ ವಾರಗಳನ್ನು ಜುಸ್ತೀನಾ ಹೇಗೋ ತಳ್ಳಿದಳು. ಸೆಕೆ ಏರಿತು. ಸಿರಿಲ ಹೆದ್ದಾರಿಯ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವವನು. ಮಧ್ಯಾಹ್ನ ಊಟಕ್ಕೆ ಬರುವುದನ್ನೇ ಬಿಟ್ಟ. ಐರಿನ್ ಮಾವನ ಎದುರು ತಟ್ಟೆ ಇಡುತ್ತಾಳೆ, ಮಾತಾಡುವುದಿಲ್ಲ. ರುಜಾರ ಉಪ್ಪು ಬೇಕಾದರೆ ಹೆಂಡತಿಗೆ ಹೇಳುತ್ತಾನೆ, ಹೆಂಡತಿ ಸೊಸೆಗೆ ಹೇಳುತ್ತಾಳೆ.

“ನಿಮ್ಮಿಬ್ಬರ ಮಧ್ಯೆ ನಾನೆಂತ ಟೆಲಿಫೋನಾ?” ಎಂದು ಒಂದು ದಿನ ಜುಸ್ತೀನಾ ರೇಗಿದಳು. “ನನ್ನ ಕಾಲು ನೋಯ್ತದೆ. ಎದ್ದು ಹಾಕ್ಕೊಳ್ಳಿ ಉಪ್ಪು.”

ರುಜಾರ ಉಪ್ಪಿಲ್ಲದೆ ಉಂಡ.

ಪಾವ್ಲಿನಾ ಮಾತ್ರ ಏಳರ ಬಸ್ಸು ತಪ್ಪಿಸಲಿಲ್ಲ. ಬರುತ್ತಾಳೆ, ಮೀಯಿಸುತ್ತಾಳೆ, ಬಾಣಂತಿಯ ಬಟ್ಟೆ ತೊಳೆದು ಹಾಕುತ್ತಾಳೆ. ದಿನದಿಂದ ದಿನಕ್ಕೆ ಬಡವಾಗುತ್ತಿದ್ದಳು. “ಉಪವಾಸ ಎಷ್ಟು ಮಾಡ್ತಿ ಮಾರಾಯ್ತಿ?” ಎಂದು ಅಕ್ಕ ಕೇಳಿದರೆ, “ಹಸಿವೆ ಇಲ್ಲ,” ಎನ್ನುತ್ತಾಳೆ.

ಪಾಸ್ಖ ಹಬ್ಬ ಬಂತು, ಹೋಯಿತು. ಕೋಳಿ ಸಾರು ಮಾಡಿದರು. ಅಪ್ಪ ಮಗ ಎದುರುಬದುರು ಕೂತು ಹವಾಮಾನದ ಮಾತಾಡಿದರು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ, ಪಾವ್ಲಿನಾ ಬಂದಳು. ಹಿಂದೆ ಚನ್ನಯ್ಯ. ಒಂಬತ್ತು ವರ್ಷದಲ್ಲಿ ಅವನು ಈ ಗೇಟಿನವರೆಗೆ ಬಂದದ್ದು ಅಂದೇ ಮೊದಲು.

“ನಾ ಇಲ್ಲೇ ನಿಂದರ್ತೀನ್ರಿ,” ಎಂದ ಅವನು ಜುಸ್ತೀನಾಗೆ. “ಆಕಿ ಒಬ್ಬಾಕಿ ಬರಾಕ ಹೆದರಿದ್ಳು, ಅದಕ್ಕ ಬಂದೆ. ಆಕಿ ಹೇಳೂದನ್ನ ಸ್ವಲ್ಪ ಸಮಾಧಾನದಿಂದ ಕೇಳ್ರಿ.”

ರುಜಾರ ಜಗಲಿಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದ. ಪಾವ್ಲಿನಾ ಅವನ ಎದುರು ನೆಲದ ಮೇಲೆ ಕೂತಳು, ಧರ್ಮೋಪದೇಶದ ತರಗತಿಯ ಹುಡುಗಿಯ ಹಾಗೆ.

“ಭಾವ, ಭಾನುವಾರ ಮಗುವಿಗೆ ನೀರು ಹಾಕ್ಸಬೇಡಿ. ಆಗಿದೆ.”

“ಎಂತ ಆಗಿದೆ?”

“ಜ್ಞಾನಸ್ನಾನ. ನಾನೇ ಕೊಟ್ಟೆ. ಶಿರಸಿ ಆಸ್ಪತ್ರೆಯಲ್ಲಿ.”

ಒಳಗಿದ್ದ ಐರಿನ್ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ರುಜಾರನ ಮುಖ ಕೆಂಪಾಯಿತು.

“ಈಗ ನೆನಪಾಯ್ತಾ ನಿನಗೆ? ಜ್ಞಾನತಾಯಿ ಆಗೂಕೆ ಬರೂದಿಲ್ಲ ಅಂದ ಮೇಲೆ?”

“ನನಗೆ ಎಂತದೂ ಬೇಡ ಭಾವ. ಒಮ್ಮೆ ಆದವರಿಗೆ ಎರಡನೇ ಸಲ ನೀರು ಹಾಕೂದು ದೊಡ್ಡ ಪಾಪ ಅಂತ ನೀವೇ ಕಲಿಸಿದ್ದು. ನನಗೆ ಹನ್ನೆರಡು ವರ್ಷ ಆಗ. ಸಾಯೂ ಮಗುವಿಗೆ ಫಾದರ್ ಇಲ್ಲದಿದ್ರೆ ಯಾರು ಬೇಕಾದ್ರೂ ಕೊಡ್ಬಹುದು ಅಂತ ಹೇಳಿದ್ದೂ ನೀವೇ.”

ರುಜಾರ ಕನ್ನಡಕ ಹಾಕಿಕೊಂಡ. ಸಿಟ್ಟಿನ ಜಾಗದಲ್ಲಿ ಹಳೆಯ ಮಾಸ್ತರಿಕೆ ಬಂತು. ಒಂದೊಂದಾಗಿ ಕೇಳಿದ.

“ಯಾವಾಗ?”

“ನಾಲ್ಕನೇ ದಿನ, ಹನ್ನೆರಡು ಗಂಟೆ. ಐರಿನ್ ಸ್ನಾನಕ್ಕೆ ಹೋಗಿದ್ದಳು. ಮಗು ನೀಲಿ ಆಯ್ತು. ನರ್ಸ್ ಓಡಿ ಬಂದು ಮೂಗಿಗೆ ನಳಿಗೆ ಇಟ್ಟಳು. ಆಂಬುಲೆನ್ಸ್ ಬರೂಕೆ ಅರ್ಧ ತಾಸು, ಅಲ್ಲಿಯವರೆಗೆ ಉಳಿಯೂದು ಕಷ್ಟ ಅಂದ್ರು.”

“ಯಾವ ನೀರು?”

“ಕುಡಿಯೂ ನೀರು. ಪಕ್ಕದ ಹಾಸಿಗೆಯ ರಜಿಯಾಬಾಯಿ ಬಾಟ್ಲಿ ಕೊಟ್ರು.”

“ಹಣೆಗೆ ಒತ್ತಿದ್ಯಾ, ಹೊಯ್ದ್ಯಾ?”

“ಹೊಯ್ದೆ. ಒತ್ತಿದ್ರೆ ಸಾಲದು, ತಲೆ ಮೇಲೆ ಹರೀಬೇಕು ಅಂದಿದ್ರಿ. ಮೂರು ಸಲ. ಕಿವಿ ಹಿಂದೆ ಹರಿದು ನನ್ನ ಸೀರೆ ಒದ್ದೆ ಆಯ್ತು.”

“ಮಾತು?”

“ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಸ್ನಾನ ಕೊಡ್ತೇನೆ ಅಂದೆ.”

ರುಜಾರ ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದು ಅಕ್ಷರವೂ ತಪ್ಪದೆ ಎದುರಿಗೆ ಬಂದು ಕೂತಿತ್ತು.

“ಇಷ್ಟು ದಿನ ಎಂತಕ್ಕೆ ಹೇಳಲಿಲ್ಲ ಮಾವ್ಶಿ?” ಎಂದಳು ಐರಿನ್.

“ನಾನಿರೂ ಸ್ಥಿತಿಯಲ್ಲಿ ನನ್ನ ಕೈಯಿಂದ ಆದದ್ದು ಲೆಕ್ಕಕ್ಕೆ ಬರ್ತದಾ ಗೊತ್ತಿರಲಿಲ್ಲ ಮಗಾ. ಬರದಿದ್ರೆ ಫಾದರ್ ಹೇಗೂ ಹಾಕ್ತಾರೆ ಅಂದ್ಕೊಂಡೆ. ಬಂದಿದ್ರೆ? ಮಗುವಿಗೆ ನಾನೇ ಪಾಪ ಕಟ್ಟಿದ ಹಾಗೆ ಆಗೂದಿಲ್ವಾ?” ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಮತ್ತೆ... ಹೆಸರು.”

“ಎಂತ ಹೆಸರು?”

“ಹೆಸರು ಹಿಡಿದು ಕೊಡ್ಬೇಕಲ್ಲ. ನೀವಿನ್ನೂ ಇಟ್ಟಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂದೆ. ಅಷ್ಟು ಸಣ್ಣ ಮಗುವನ್ನ ನಾನು ಮೊದ್ಲು ಎತ್ತಿದ್ದು ಇದೇ ಮನೆಯಲ್ಲಿ. ಆ ಹೆಸರೇ ಬಂತು. ಫ್ಲಾವಿಯಾ ಅಂದೆ.”

ಗೇಟಿನ ಹೊರಗೆ ಲಾರಿಯೊಂದು ಗೇರು ಬದಲಿಸಿ ಹೋಯಿತು. ಜುಸ್ತೀನಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ರುಜಾರ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಂಜೆ ಫಾದರ್ ಬಂದರು. ಐರಿನ್ ಶಿರಸಿಗೆ ಫೋನು ಹಚ್ಚಿ ರಜಿಯಾಳನ್ನು ಹಿಡಿದು ಸ್ಪೀಕರಿಗೆ ಹಾಕಿದಳು. “ಹಾಂ, ನಾನೇ ಪಾನಿ ಕೊಟ್ಟಿದ್ದು,” ಎಂದಳು ರಜಿಯಾ. “ಪಾವ್ಲಿನಾಬಾಯಿ ಅಳ್ತಾ ಅಳ್ತಾ ಬಚ್ಚಿ ತಲೆ ಮೇಲೆ ಹಾಕಿದ್ರು. ನಾನೂ ದುವಾ ಮಾಡ್ದೆ. ಬಚ್ಚಿ ಹ್ಯಾಗಿದೆ ಈಗ? ಹಾಲು ಕುಡಿತದಾ?”

ಫಾದರ್ ಪಾವ್ಲಿನಾಳಿಂದ ಎಲ್ಲವನ್ನೂ ಇನ್ನೊಮ್ಮೆ ಕೇಳಿದರು. ಆಮೇಲೆ, “ಆಗಿದೆ. ಪೂರ್ತಿ ಆಗಿದೆ,” ಎಂದರು. “ನೀರು, ಮಾತು, ಕೊಡಬೇಕೆಂಬ ಮನಸ್ಸು. ಇಷ್ಟಿದ್ದರೆ ಸಾಕು. ಕೊಟ್ಟವರ ಸ್ಥಿತಿಯನ್ನ ಧರ್ಮಸಭೆ ಕೇಳೋದಿಲ್ಲ. ಭಾನುವಾರ ತೈಲ, ಬಿಳಿ ಬಟ್ಟೆ, ಮೇಣದಬತ್ತಿ ಅಷ್ಟೇ. ನೀರು ಹಾಕಲ್ಲ.”

“ಜ್ಞಾನಸ್ನಾನ ಕೊಡೂಕೆ ಬರ್ತದೆ, ಮೇಣದಬತ್ತಿ ಹಿಡಿಯೂಕೆ ಬರೂದಿಲ್ಲ,” ಎಂದಳು ಐರಿನ್. “ಇದೆಂತ ನ್ಯಾಯ ಫಾದರ್?”

ಫಾದರ್ ಹಣೆ ಉಜ್ಜಿಕೊಂಡರು. ಬೆಳಿಗ್ಗೆಯಿಂದ ಎರಡು ಹಳ್ಳಿ ಸುತ್ತಿ ಬಂದವರು. “ನಿಯಮದ ಪುಸ್ತಕದಲ್ಲಿ ಉತ್ತರ ಇದೆ. ಅದನ್ನ ಓದಿ ಹೇಳಿದ್ರೆ ನಿನಗೆ ಸಮಾಧಾನ ಆಗೋದಿಲ್ಲ. ಇವತ್ತು ನನಗೂ ಆಗ್ತಾ ಇಲ್ಲ.” ಪಾವ್ಲಿನಾಳ ಕಡೆ ತಿರುಗಿದರು. “ನಿಮ್ಮ ಹಳೆಯ ಮದುವೆ ರದ್ದು ಮಾಡೋ ವಿಚಾರ ಬಿಷಪ್ಪರ ನ್ಯಾಯಮಂಡಳಿಗೆ ಹಾಕೋಣ. ವರ್ಷಗಟ್ಟಲೆ ಆಗಬಹುದು. ಕಾಗದ ನಾನು ಬರೀತೇನೆ.”

“ಇಷ್ಟು ವರ್ಷ ಕೂತವಳು, ಇನ್ನೂ ನಾಲ್ಕು ವರ್ಷ ಕೂತೇನು,” ಎಂದಳು ಪಾವ್ಲಿನಾ. “ಮಗುವಿಗೆ ತೊಂದರೆ ಇಲ್ವಲ್ಲ?”

“ಇಲ್ಲ.”

ಅಷ್ಟರಲ್ಲಿ ರುಜಾರ ಬಾಗಿಲು ತೆಗೆದು ಹೊರಬಂದು ಕೂತ. “ಹೆಸರು ಬದಲಿಸೂಕೆ ಬರ್ತದಾ ಫಾದರ್?”

“ಬೇಕಾದ್ರೆ ಇನ್ನೊಂದು ಸೇರಿಸಬಹುದು. ಕೊಟ್ಟದ್ದು ಕೊಟ್ಟ ಹಾಗೇ ಮೊದಲು ಬರೀಬೇಕು.”

ರುಜಾರ ಸೊಸೆಯ ಕಡೆ ನೋಡಿದ. ಒಂದು ತಿಂಗಳಲ್ಲಿ ಅವಳನ್ನು ನೇರವಾಗಿ ಕೇಳಿದ್ದು ಅದೇ ಮೊದಲು. “ನೀನೆಂತ ಹೇಳ್ತಿ? ಮಗು ನಿನ್ನದು.”

“ಜೊವಿಟಾ ಮನೆಯಲ್ಲಿ ಕರೆಯೂಕೆ ಇರ್ಲಿ,” ಎಂದಳು ಐರಿನ್. “ಮಾವ್ಶಿ ಕೊಟ್ಟ ಹೆಸರು ನಾನು ತೆಗೆಯೂದಿಲ್ಲ.”

ಹೊರಗೆ ಕತ್ತಲಾಗುತ್ತಿತ್ತು. ಗೇಟಿನ ಹತ್ತಿರ ಚನ್ನಯ್ಯ ಇನ್ನೂ ನಿಂತೇ ಇದ್ದ. ಜುಸ್ತೀನಾ ಒಂದು ಲೋಟ ಚಾ ತಂದು ಗಂಡನ ಮುಂದೆ ಹಿಡಿದಳು. “ನನ್ನ ಕಾಲು ನೋಯ್ತದೆ. ನೀವೇ ಕೊಟ್ಟು ಬನ್ನಿ.” ರುಜಾರ ಲೋಟವನ್ನು ನೋಡಿದ, ಹೆಂಡತಿಯನ್ನು ನೋಡಿದ. ಎದ್ದು ತೆಗೆದುಕೊಂಡು ಹೋದ. ಚನ್ನಯ್ಯ ಕುಡಿದು ಮುಗಿಸುವವರೆಗೆ ಗೇಟಿನಲ್ಲೇ ನಿಂತ. ಖಾಲಿ ಲೋಟ ಹಿಡಿದು ರುಜಾರ ವಾಪಸು ಬಂದ.

ಭಾನುವಾರ ಇಗರ್ಜಿಯ ಪೂಜೆಯಾದ ಮೇಲೆ ಮಗುವಿಗೆ ತೈಲ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು. ರುಜಾರ ಒಬ್ಬನೇ ಮೇಣದಬತ್ತಿ ಹಿಡಿದು ನಿಂತ. ನೀರು ಯಾಕಿಲ್ಲ ಎಂದು ಬೆಂಚುಗಳಲ್ಲಿ ಗುಸುಗುಸು ಎದ್ದಾಗ ಫಾದರ್ ಗಟ್ಟಿಯಾಗಿ ಹೇಳಿದರು: “ಈ ಮಗು ಸಾಯುವ ಸ್ಥಿತಿಯಲ್ಲಿದ್ದಾಗ ಇದಕ್ಕೆ ಜ್ಞಾನಸ್ನಾನ ಆಗಿದೆ. ಕೊಟ್ಟವರು ಪಾವ್ಲಿನಾ.” ತಲೆಗಳು ಹಿಂದೆ ತಿರುಗಿದವು. ಪಾವ್ಲಿನಾ ಕೊನೆಯ ಬೆಂಚಿನಲ್ಲಿ ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು ಮತ್ತೆ ಕೂತಳು.

ದಫ್ತರ ಬರೆಯಲು ಎಲ್ಲರೂ ಪಕ್ಕದ ಕೋಣೆಗೆ ಹೋದರು. ರುಜಾರ ಪೆನ್ನಿನ ಮುಚ್ಚಳ ತೆಗೆದ. ತಂದೆಯ ಹೆಸರು, ತಾಯಿಯ ಹೆಸರು ಬೇಗ ಬೇಗ ಬರೆದ. ಜ್ಞಾನತಂದೆ ಎಂಬಲ್ಲಿ ತನ್ನ ಹೆಸರು. ಜ್ಞಾನತಾಯಿ ಎಂಬಲ್ಲಿ ಸಣ್ಣ ಗೆರೆ. ಕೊಟ್ಟವರು ಎಂಬ ಮನೆಗೆ ಬಂದಾಗ, ಇಷ್ಟು ವರ್ಷ ಫಾದರ್ ಎಂದು ಶುರುಮಾಡುತ್ತಿದ್ದ ಕೈ ತಡೆಯಿತು. ಆಮೇಲೆ ಪಾವ್ಲಿನಾ ಎಂದು ದುಂಡಗೆ ಬರೆದ. ಮಗುವಿನ ಹೆಸರಿನ ಮನೆ ಒಂದೇ ಉಳಿಯಿತು.

“ಹೇಳಿ ಫಾದರ್,” ಎಂದ, ತನಗೆ ಗೊತ್ತಿಲ್ಲ ಎಂಬಂತೆ.

“ನೀವೇ ಬರೀರಿ,” ಎಂದರು ಫಾದರ್.

ಅವನು ಬರೆದ. ಬರೆಯುವಾಗ ತುಟಿ ಅಲುಗಾಡಿತು. ಬರೆದ ಮೇಲೆ ಮಸಿ ಆರಲೆಂದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

“ಸರ್ಟಿಫಿಕೇಟು ಎರಡು ಬೇಕಿತ್ತು ಫಾದರ್.”

“ಎರಡು ಯಾಕೆ?”

“ಒಂದು ಸಿದ್ದಾಪುರಕ್ಕೆ.”

ಫಾದರ್ ಎರಡು ಹಾಳೆ ತೆಗೆದರು. ರುಜಾರ ಎರಡನ್ನೂ ಬರೆದು, ಒಂದನ್ನು ಸಿರಿಲನ ಕೈಗೆ ಕೊಟ್ಟ, ಇನ್ನೊಂದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಹೊರಗೆ ಪಾವ್ಲಿನಾ ಮಗುವನ್ನೆತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅವಳ ಹತ್ತಿರ ಹೋಗಿ ನಿಂತ.

“ನಿನಗೆ ಅವಳ ಮನೆ ಗೊತ್ತುಂಟಲ್ಲ?”

ಪಾವ್ಲಿನಾ ಹೆದರಿ ತಲೆಯೆತ್ತಿದಳು. ಗುಟ್ಟಾಗಿ ಹೋಗಿ ಬರುತ್ತಿದ್ದುದು ಅವನಿಗೆ ಗೊತ್ತೆಂದು ಅವಳಿಗೆ ಗೊತ್ತಿರಲಿಲ್ಲ. “ಉಂಟು ಭಾವ.”

“ಬಸ್ಸು ನೇರ ಹೋಗ್ತದಾ?”

“ಶಿರಸಿಯಲ್ಲಿ ಬದಲಿಸ್ಬೇಕು.”

“ಇಳಿದ ಮೇಲೆ ನಡೀಬೇಕಾ?”

“ಸ್ವಲ್ಪ. ಏರು ಉಂಟು.”

ರುಜಾರ ತನ್ನ ಕಾಲುಗಳನ್ನು ನೋಡಿಕೊಂಡ. “ಹಾಗಾದ್ರೆ ಬಿಸಿಲೇರೂದ್ರೊಳಗೆ ಮುಟ್ಬೇಕು,” ಎಂದ. “ನಾಳೆ ಮೊದಲ ಬಸ್ಸಿಗೆ ಬಾ. ನಾನು ಸ್ಟ್ಯಾಂಡಿನಲ್ಲಿ ಇರ್ತೇನೆ.”